ಸೇಡಂ ರಸ್ತೆ ಕಡೆ ವಾಲಿದ ಟೇಬಲ್

ಅವನು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವನ ಮನೆಯವರಿಂದಲ್ಲ. ಊರಿನ ಕ್ಲಬ್ಬೊಂದರ ಕಾರ್ಯದರ್ಶಿ ಫೋನ್ ಮಾಡಿ, "ಸರ್, ಪೂಲ್ ಟೇಬಲ್ಲಿಗೆ ಬಟ್ಟಿ ಹಾಕೋರು ಬ್ಯಾರೆ ಯಾರರೆ ಗೊತ್ತದಾರೇನ್ರಿ? ಕಮಲಾಪುರದಾಂವ ಹೋಗಿಬಿಟ್ನಂತ. ಹದಿನೈದು ದಿನಾ ಆತು" ಎಂದರು. ಅವರಿಗೆ ಅವರ ಟೇಬಲ್ಲಿನ ಚಿಂತೆ. ಗೊತ್ತಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಹದಿನೈದು ದಿನವಾದರೂ ನನಗೆ ಯಾರೂ ತಿಳಿಸಲಿಲ್ಲವಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಯಾಕೆ ತಿಳಿಸಬೇಕು ಅನ್ನಿಸಿತು. ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ತಾಸಿನ ಊರು ಕಮಲಾಪುರ. ಹತ್ತು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಹೋಗದವನು ನಾನು.

ಅವನ ಹೆಸರು ಬರೆಯುವುದಿಲ್ಲ. ಹೆಸರು ಪೇಪರಿನಲ್ಲಿ ಬಂದರೆ ತನಗೆ ಆಗಿಬರುವುದಿಲ್ಲ ಎಂದು ಅವನೇ ಹೇಳುತ್ತಿದ್ದ. ಬೀದರಿನಲ್ಲಿ ಒಂದು ಪಂದ್ಯ ಗೆದ್ದಾಗ ಮೂಲೆಯಲ್ಲಿ ನಾಲ್ಕು ಸಾಲು ಸುದ್ದಿ ಬಂದಿತ್ತಂತೆ. ಹೆಣ್ಣು ಕೊಡಲು ಅರ್ಧ ಒಪ್ಪಿದ್ದವರು ಅದನ್ನು ಓದಿಕೊಂಡು ಅವನ ಅಕ್ಕನ ಮನೆಗೆ ಬಂದರು.

"ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿದರು.

"ಆಡ್ತಾನ" ಎಂದಳು ಅಕ್ಕ.

"ಆಡೋದು ಗೊತ್ತಾತ್ರಿ, ಪೇಪರದಾಗ ಓದೀವಿ. ಏನ್ ಮಾಡ್ತಾನ?"

ಈ ಕಥೆಯನ್ನು ಅವನು ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಪ್ರತಿ ಸಲವೂ ಎರಡೂ ಕಡೆಯ ದನಿ ತಾನೇ ತೆಗೆದು ಹೇಳಿ, ಕೊನೆಗೆ ತಾನೇ ಮೊದಲು ನಗುತ್ತಿದ್ದ. ಮದುವೆ ಮಾತ್ರ ಆಗಲಿಲ್ಲ.

ನಾನು ಅವನನ್ನು ಕಂಡದ್ದು ಸೇಡಂ ರಸ್ತೆಯ ಒಂದು ಅಂಗಡಿ ಸಾಲಿನ ನೆಲಮಾಳಿಗೆಯಲ್ಲಿ. ಆಗ ನಾನು ಗುತ್ತಿಗೆದಾರರೊಬ್ಬರ ಹತ್ತಿರ ಕಟ್ಟಡದ ಕೆಲಸ ನೋಡಿಕೊಳ್ಳುವ ಇಂಜಿನಿಯರ್. ಹೆಂಡತಿ ಗದಗಿನಲ್ಲಿ ಶಾಲೆಯ ಟೀಚರ್. ಸಂಜೆ ಕೋಣೆಗೆ ಹೋದರೆ ಗೋಡೆ ಬಿಟ್ಟರೆ ಮಾತಾಡಿಸುವವರಿಲ್ಲ. ಒಂದು ದಿನ ಮೆಟ್ಟಿಲ ಕೆಳಗಿನಿಂದ ಚೆಂಡಿಗೆ ಚೆಂಡು ತಾಗುವ ಟಕ್ ಟಕ್ ಸದ್ದು ಕೇಳಿ ಇಳಿದು ಹೋದೆ. ಅಲ್ಲಿ ಇದ್ದದ್ದು ಎರಡು ಟೇಬಲ್. ಮೋಮಿನಪುರದ ಒಬ್ಬ ಹಿರಿಯರು ಅದನ್ನು ನಡೆಸುತ್ತಿದ್ದರು. ಊರಿಗೆಲ್ಲ ಅವರು ಚಾಚಾ. ಒಂದು ಟೇಬಲ್ಲಿನ ಸುತ್ತ ಹತ್ತು ಮಂದಿಯ ಗದ್ದಲ. ಇನ್ನೊಂದರಲ್ಲಿ ಒಬ್ಬ ತೆಳ್ಳನೆಯ ಆಳು, ಹಣೆಗೆ ವಿಭೂತಿ, ಬಲ ಅಂಗೈಗೆ ಸುತ್ತಿದ ಬಿಳಿ ಬಟ್ಟೆ, ಒಬ್ಬನೇ ಆಡುತ್ತಿದ್ದ. ಒಂದು ಹೊಡೆತ ಬಲಗೈಯಿಂದ, ಆಮೇಲೆ ಆ ಕಡೆ ಹೋಗಿ ನಿಂತು ಇನ್ನೊಂದು ಹೊಡೆತ ಎಡಗೈಯಿಂದ.

"ಯಾರ ಜೋಡಿ ಆಡ್ಲಾಕತ್ತೀರಿ?" ಎಂದು ಕೇಳಿದೆ.

"ನನ್ನ ಜೋಡೀನೇರಿ. ಇವತ್ತ ಡಾವಾ ಕೈ ಗೆಲ್ಲೋಹಂಗ ಕಾಣ್ತದ" ಎಂದ, ತಲೆ ಎತ್ತದೆ ಎಡಗೈ ತೋರಿಸಿ.

ಅವನ ಜೊತೆ ಯಾರೂ ಯಾಕೆ ಆಡುವುದಿಲ್ಲ ಎಂದು ಚಾಚಾ ಹೇಳಿದರು. ಇಂಥ ಕಡೆಯಲ್ಲಿ ಎಲ್ಲ ಊರಿನಲ್ಲೂ ಇರುವ ನೇಮ ಒಂದೇ: ಆಟದ ಬಾಡಿಗೆ ಸೋತವನು ಕೊಡಬೇಕು. ಅಲ್ಲಿ ಅವನು ಸೋಲುತ್ತಿರಲಿಲ್ಲ. ಮೊದಮೊದಲು ಹುಮ್ಮಸ್ಸಿನಿಂದ ಆಡಲು ಬಂದವರೆಲ್ಲ ಬಾಡಿಗೆ ಕೊಟ್ಟು ಕೊಟ್ಟು ಪಕ್ಕದ ಟೇಬಲ್ಲಿಗೆ ಸರಿದುಕೊಂಡಿದ್ದರು. ಅಲ್ಲಿ ನಿಂತು ಅವನ ಆಟ ನೋಡುತ್ತಿದ್ದರು, ವಾಹ್ ವಾಹ್ ಎನ್ನುತ್ತಿದ್ದರು, ಎದುರಿಗೆ ಬರುತ್ತಿರಲಿಲ್ಲ. ಆಟ ಕಲಿತಷ್ಟೂ ಮನುಷ್ಯ ಒಂಟಿಯಾಗುತ್ತಾನೆ ಎಂಬುದನ್ನು ನಾನು ನೋಡಿದ್ದು ಆ ನೆಲಮಾಳಿಗೆಯಲ್ಲೇ.

ನನಗೆ ಸಂಜೆ ಕಳೆಯಬೇಕಿತ್ತು. ಬಾಡಿಗೆ ಕೊಡಲು ಸಂಬಳವಿತ್ತು. ನಾನು ಅವನೆದುರು ಆಡತೊಡಗಿದೆ. ಏಳು ವರ್ಷ ಆಡಿದೆ, ಏಳು ವರ್ಷ ಸೋತೆ. ಒಮ್ಮೆಯೂ ಅವನು ನನ್ನ ಮೇಲೆ ಕನಿಕರಪಟ್ಟು ಬಿಟ್ಟುಕೊಡಲಿಲ್ಲ. ನನ್ನ ಹುಟ್ಟಿದ ದಿನ ಎಂದು ಹೇಳಿದ ದಿನವೂ ಸೋಲಿಸಿ, ಆಮೇಲೆ ಹೋಗಿ ಜಿಲೇಬಿ ತಂದ. ನನ್ನ ಕೈ ಬೆವರುತ್ತದೆ, ಕೋಲು ಜಾರುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಒಂದು ಕೋಲಿನ ಹಿಡಿಕೆಗೆ ಸುತ್ತಿ, "ಇದು ನಿಮ್ದು, ಯಾರಿಗೂ ಕೊಡಬ್ಯಾಡ್ರಿ" ಎಂದಿದ್ದ.

ಬೆಳಿಗ್ಗೆ ಅವನು ನಂದೂರಿನ ಬೇಳೆ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಅಂಗೈಗೆ ಬಟ್ಟೆ ಸುತ್ತಿದ್ದು ಅದಕ್ಕೆ. ಅಂಗೈ ಒರಟಾದರೆ ಕೋಲಿನ ಮೇಲೆ ಹಿಡಿತ ನಿಲ್ಲುವುದಿಲ್ಲವಂತೆ. ಜೊತೆಯ ಹಮಾಲರು "ಏ ಮದುಮಗಾ, ಕೈಗಿ ಮೆಹಂದಿ ಹಚ್ಚೀಯೇನೋ" ಎಂದು ಕಾಡುತ್ತಿದ್ದರು. ಮಧ್ಯಾಹ್ನದ ಊಟ ಚಾಚಾ ಕಡೆಯದು. ಅವನ ಆಟ ನೋಡಲು ಮಂದಿ ಬರುತ್ತಾರೆಂದು ಚಾಚಾ ಅವನಿಗೆ ಟೇಬಲ್ ಪುಕ್ಕಟೆ ಬಿಟ್ಟಿದ್ದರು. ಸೊಲ್ಲಾಪುರ, ಬೀದರ, ವಿಜಯಪುರ ಎಂದು ಪಂದ್ಯಗಳಿಗೆ ಹೋಗುತ್ತಿದ್ದ. ಗೆದ್ದರೆ ಒಂದು ಗೋಡೆ ಗಡಿಯಾರ, ಒಂದು ಮಿಕ್ಸರ್. ಸೊಲ್ಲಾಪುರದಲ್ಲಿ ಒಮ್ಮೆ ಎರಡು ಚಾದರ ಕೊಟ್ಟರು. "ಚಾದರ ಹೊಚ್ಕೊಳ್ಳಾಕ ಬರ್ತದ್ರಿ, ಉಣ್ಲಾಕ ಬರಂಗಿಲ್ಲ" ಎಂದ.

ಪಣಕ್ಕೆ ಆಡು ಎಂದು ಗಂಜಿನ ಒಬ್ಬ ಅಡತಿಯವರು, ಕಾಳಿನ ಮಾರುಕಟ್ಟೆಯ ದಲ್ಲಾಳಿ, ಅವನ ಹಿಂದೆ ಬಿದ್ದಿದ್ದರು. ಹೊಸಬನು ಬಂದಾಗ ಮೊದಲು ಎರಡು ಆಟ ಸೋತು ತೋರಿಸಬೇಕು, ಅವನು ಹುರುಪಿನಲ್ಲಿ ದೊಡ್ಡ ಪಣ ಕಟ್ಟಿದಾಗ ಗೆಲ್ಲಬೇಕು, ಬಂದದ್ದರಲ್ಲಿ ಅರ್ಧ ನಿನಗೆ ಎಂದು ಹೇಳಿಕೊಟ್ಟರು. ಅವನು ಎರಡು ದಿನ ಪ್ರಯತ್ನ ಮಾಡಿದ ಪಾಪ. ಮೂರನೆಯ ದಿನ ಬಂದು, "ಬೇಕಂತ ಸೋಲೋದು ನನಗ ಬರಂಗಿಲ್ರಿ ಸಾಹೇಬ್ರ. ಚೆಂಡು ಪಾಕೆಟ್ ಮುಂದ ನಿಂತಿರ್ತದ, ಕೈ ಕೇಳಂಗಿಲ್ಲ" ಎಂದ. ಅಡತಿಯವರು ಹಣೆ ಬಡಿದುಕೊಂಡು ಹೋದರು.

ಅವನ ಆಸೆ ಒಂದೇ ಇತ್ತು. ಅದನ್ನು ಎಲ್ಲರಿಗೂ ಹೇಳುತ್ತಿದ್ದ, ಗುಟ್ಟೇನಲ್ಲ. ದೊಡ್ಡ ಕಂಪನಿಗಳು ಆಟಗಾರರನ್ನು ಕೋಟಾದಲ್ಲಿ ನೌಕರಿಗೆ ಇಟ್ಟುಕೊಳ್ಳುತ್ತವೆ. ತಿಂಗಳ ಪಗಾರ, ರಜೆ, ಆಸ್ಪತ್ರೆ ಖರ್ಚು. ಕೆಲಸ ಅಂದರೆ ಆಡುವುದೇ. "ಆಟಗಾರನ ಪಗಾರ ಆಟದಾಗ ಇಲ್ರಿ, ಕೋಟಾದಾಗ ಅದ" ಎನ್ನುತ್ತಿದ್ದ. ಬೆಂಗಳೂರಿನ ರಾಜ್ಯಮಟ್ಟದ ಪಂದ್ಯದಲ್ಲಿ ಕೊನೆಯ ನಾಲ್ವರಲ್ಲಿ ಒಬ್ಬನಾದರೆ ಅರ್ಜಿ ಹಾಕಬಹುದು. ಅದಕ್ಕೆ ವಯಸ್ಸಿನ ಮಿತಿ ಇತ್ತು. ಅವನಿಗೆ ಉಳಿದದ್ದು ಒಂದೇ ವರ್ಷ.

ಇನ್ನು ಮುಂದಿನದನ್ನು ಬರೆಯಲು ನನಗೆ ಹಿಂಜರಿಕೆ. ಆದರೂ ಬರೆಯಬೇಕು. ಅದಕ್ಕಾಗಿಯೇ ಇದನ್ನೆಲ್ಲ ಶುರುಮಾಡಿದ್ದು.

ನನಗೊಂದು ಕೆಟ್ಟ ಚಟವಿದೆ. ಎಲ್ಲಿ ಹೋದರೂ ಮಟ್ಟ ನೋಡುತ್ತೇನೆ. ಮದುವೆಗೆ ಹೋದರೆ ಮದುಮಕ್ಕಳನ್ನು ನೋಡುವ ಬದಲು ಮಂಟಪದ ಕಂಬ ನೆಟ್ಟಗಿದೆಯೋ ಇಲ್ಲವೋ ನೋಡುವವನು ನಾನು. ಗಾಡಿಯ ಡಬ್ಬಿಯಲ್ಲಿ ಯಾವಾಗಲೂ ಒಂದು ರಸಮಟ್ಟ ಇರುತ್ತಿತ್ತು. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುತ್ತದಲ್ಲ, ಗೌಂಡಿಗಳ ಹತ್ತಿರ ಇರುವ ಗೇಣುದ್ದದ ಪಟ್ಟಿ, ಅದು. ಆಡಲು ಶುರುಮಾಡಿದ ಎರಡನೆಯ ವರ್ಷ ಒಂದು ಶುಕ್ರವಾರ ಮಧ್ಯಾಹ್ನ, ಚಾಚಾ ನಮಾಜಿಗೆ ಹೋಗಿದ್ದಾಗ, ಅವನೂ ಇನ್ನೂ ಬಂದಿರದಾಗ, ಅದನ್ನು ಅವನ ಟೇಬಲ್ಲಿನ ಮೇಲೆ ಇಟ್ಟು ನೋಡಿದೆ. ಗುಳ್ಳೆ ನಡುವೆ ನಿಲ್ಲಲಿಲ್ಲ. ಟೇಬಲ್ ಸೇಡಂ ರಸ್ತೆಯ ಕಡೆಗೆ ವಾಲಿತ್ತು.

ನಮ್ಮದು ಎರೆಮಣ್ಣಿನ ಊರು. ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ರಸ್ತೆಯ ಬದಿಗೆ ಫರಸಿ ಕಲ್ಲಿನ ನೆಲ ಕೂದಲೆಳೆಯಷ್ಟು ಕುಸಿದಿತ್ತು. ಕಣ್ಣಿಗೆ ಕಾಣುವಂಥದ್ದಲ್ಲ. ಜೋರಾಗಿ ಹೊಡೆದರೆ ಚೆಂಡಿಗೂ ಗೊತ್ತಾಗುವಂಥದ್ದಲ್ಲ. ಆದರೆ ಅವನ ಆಟವೇ ಮೆಲ್ಲನೆಯದು. "ಜೋರ್ ಹೊಡಿಯೋದು ಅಂದ್ರ ಚೆಂಡಿಗಿ ಬೈದಂಗ್ರಿ. ಕರೀಬೇಕು, ತಾನಾ ಹೋಗ್ತದ" ಎನ್ನುತ್ತಿದ್ದ. ಅವನು ಉದ್ದಕ್ಕೆ ಮೆಲ್ಲಗೆ ದಬ್ಬಿದ ಚೆಂಡು ಪಾಕೆಟ್ಟಿನ ಆಚೆಗೆ ಹೋಗುವಂತೆ ತೋರಿಸಿ, ಕೊನೆಯ ಗೇಣಿನಲ್ಲಿ ರಸ್ತೆಯ ಕಡೆಗೆ ತಿರುಗಿ ಒಳಗೆ ಬೀಳುತ್ತಿತ್ತು. ಎಲ್ಲರೂ ಅದನ್ನು ಅವನ ಕೈಗುಣ ಎಂದರು. ಅವನೂ ಹಾಗೇ ಅಂದುಕೊಂಡಿದ್ದ. ಟೇಬಲ್ಲಿನ ಈ ವಾಟ, ಈ ಇಳಿಜಾರು, ಅವನ ಕೈಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಬೇರೆ ಊರಿನಲ್ಲಿ ಸೋತು ಬಂದಾಗಲೆಲ್ಲ, "ಅಲ್ಲಿ ಟೇಬಲ್ ಸೊಟ್ಟ ಅದಾವ್ರಿ" ಎನ್ನುತ್ತಿದ್ದ. ನಾನು ಒಳಗೊಳಗೇ ನಗುತ್ತಿದ್ದೆ.

ಯಾಕೆ ಹೇಳಲಿಲ್ಲ? ಮೊದಲು, ಗುಟ್ಟು ಗೊತ್ತಿದ್ದರೆ ಒಮ್ಮೆಯಾದರೂ ಗೆಲ್ಲಬಹುದು ಎಂಬ ಸಣ್ಣ ಬುದ್ಧಿ. ನಾನು ಗುಳ್ಳೆ ನೋಡಿ ತಿಳಿದದ್ದು ಅವನ ಬೆರಳಿನ ಮುಂದೆ ಏನೂ ಅಲ್ಲ, ಆ ಮಾತು ಬೇರೆ. ಆಮೇಲೆ, ಹೇಳಿದರೆ ಆ ಟೇಬಲ್ಲಿನ ರಾಜ ರಾಜನಾಗಿ ಉಳಿಯುವುದಿಲ್ಲ, ನನ್ನ ಸಂಜೆಗಳೂ ಉಳಿಯುವುದಿಲ್ಲ ಎಂಬ ಭಯ. ಬೆಂಗಳೂರಿಗೆ ಹೋಗುವ ಹಿಂದಿನ ದಿನ ಅವನು ಬಂದು ನನ್ನ ಕಾಲಿಗೆ ಬಾಗಿದ. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೊರಡುವ ಹೊತ್ತಿನಲ್ಲಿ ಮನಸ್ಸು ಕೆಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡು, "ಗೆದ್ದು ಬಾ" ಎಂದೆ. ಮನುಷ್ಯ ತನ್ನ ಹೇಡಿತನಕ್ಕೆ ಒಳ್ಳೆಯ ಹೆಸರು ಇಡುವುದು ಹೀಗೆ.

ಮೊದಲ ಸುತ್ತಿನಲ್ಲೇ ಸೋತು ಬಂದ.

ಚಾಚಾ ಅವನ ಮುಂದೆ ಚಹಾ ಇಟ್ಟು, "ಹೋಗ್ಲಿ ಬಿಡು ಬೇಟಾ, ನಸೀಬ್" ಎಂದರು. ಅವನು ಅಳಲಿಲ್ಲ. ಪಂದ್ಯ ಹೇಗಾಯಿತು ಎಂದು ವಿವರವಾಗಿ ಹೇಳಿದ. "ಎಲ್ಲಾ ಚೆಂಡು ಬಾಗಿಲ ತನಕ ಹೋಗಿ ನಿಂತ್ವುರಿ. ಒಳಗ ಬರ್ರಿ ಅಂದ್ರ ಬರಲಿಲ್ಲ." ಚಹಾ ಕುಡಿದು ಕಪ್ ಕೆಳಗಿಟ್ಟು, "ಬೆಂಗಳೂರಾಗೂ ಟೇಬಲ್ ಸೊಟ್ಟ ಅದಾವ್ರಿ" ಎಂದ.

ಆ ಮಾತನ್ನು ನನ್ನಿಂದ ಕೇಳಲಾಗಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಗಾಡಿಯಿಂದ ರಸಮಟ್ಟ ತಂದೆ, ಟೇಬಲ್ಲಿನ ಮೇಲೆ ಇಟ್ಟೆ. ಗುಳ್ಳೆ ಸರಿದು ಒಂದು ತುದಿಗೆ ನಿಂತಿತು. ಅವನು ಬಗ್ಗಿ ನೋಡಿದ. ರಸಮಟ್ಟವನ್ನು ತಿರುಗಿಸಿ ಇಟ್ಟು ನೋಡಿದ. ಇನ್ನೊಂದು ಜಾಗದಲ್ಲಿ ಇಟ್ಟು ನೋಡಿದ. ಆಮೇಲೆ ಕೇಳಿದ.

"ಇದು ಎಷ್ಟ ದಿನದಿಂದ ನಿಮ್ಮ ಕಡಿ ಅದರಿ?"

"ಕೆಲಸಕ್ಕ ಸೇರಿದಾಗಿಂದ."

"ಈ ಟೇಬಲ್ ಮ್ಯಾಲ ಮೊದಲ ಇಟ್ಟು ನೋಡಿದ್ರೇನು?"

"ನೋಡಿದ್ದೆ" ಎಂದೆ. ಆ ಒಂದು ಕಡೆಯಲ್ಲಾದರೂ ಸುಳ್ಳು ಹೇಳಲಿಲ್ಲ.

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಚೌಕಟ್ಟಿನ ಮೇಲಿನ ಚಾಕ್ ಪುಡಿ ಒರೆಸಿ, "ಇದು ನನಗ ಕೊಡ್ತೀರೇನ್ರಿ?" ಎಂದು ಕೇಳಿದ. ಕೊಟ್ಟೆ. ಅದನ್ನು ಅಂಗೈಗೆ ಸುತ್ತುವ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಪೂಲ್ ಆಡಿ ಮನುಷ್ಯ ಬದುಕಬಹುದೇ ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಅವನೊಬ್ಬನೇ. ಬದುಕಿದ. ಚೀಲ ಹೊರುವುದು ಬಿಟ್ಟ, ಅಕ್ಕನ ಮನೆಗೆ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಿದ, ಒಂದು ಗಾಡಿ ತಗೊಂಡ. ಆದರೆ ಆಡಿ ಅಲ್ಲ. ಕಲಬುರಗಿ, ಬೀದರ, ಯಾದಗಿರಿ ಎಂದು ಊರೂರು ತಿರುಗಿ ಟೇಬಲ್ ಮಟ್ಟ ಮಾಡುತ್ತಿದ್ದ. ಹಸಿರು ಬಟ್ಟೆ ಬದಲಿಸುವುದು, ಬದಿಯ ರಬ್ಬರ್ ಕೂರಿಸುವುದು, ಕೋಲಿಗೆ ತುದಿ ಹಚ್ಚುವುದು. "ಆಡೋರಿಗಿಂತ ಆಡ್ಸೋರ ಹೊಟ್ಟಿ ತುಂಬ್ತದ್ರಿ" ಎಂದು ಒಮ್ಮೆ ದಾರಿಯಲ್ಲಿ ಸಿಕ್ಕಾಗ ಹೇಳಿದ. ಕೆಲಸ ಮುಗಿದ ಮೇಲೆ ಒಂದೇ ಒಂದು ಚೆಂಡನ್ನು ಉದ್ದಕ್ಕೆ ಉರುಳಿಸಿ, ಅದು ನೇರ ಹೋಯಿತೆಂದು ನೋಡಿ, ಸಾಮಾನು ಕಟ್ಟುತ್ತಿದ್ದನಂತೆ. ಒಂದು ಆಟ ಆಡಿ ಹೋಗಪ್ಪಾ ಎಂದರೆ ಬಿಲ್ಕುಲ್ ಆಡುತ್ತಿರಲಿಲ್ಲ. ತಾನು ಮಟ್ಟ ಮಾಡಿದ ಟೇಬಲ್ಲಿನ ಮೇಲೆ ಅವನು ಆಡಿದ್ದನ್ನು ಯಾರೂ ನೋಡಿಲ್ಲ.

ನಾನು ನೆಲಮಾಳಿಗೆಗೆ ಹೋಗುವುದು ಬಿಟ್ಟೆ. ಕೆಲಸ ಹೆಚ್ಚಾಗಿದೆ ಎಂದು ಹೇಳಿಕೊಂಡೆ. ಮುಂದೆ ಚಾಚಾಗೆ ಮೊಣಕಾಲು ಬಾಧೆಯಾಗಿ ಮೆಟ್ಟಿಲು ಇಳಿಯಲಾಗದೆ ಅದನ್ನು ಮುಚ್ಚಿದರು. ಹಳೆಯ ಟೇಬಲ್ಲನ್ನು ಅವನಿಗೇ ಕೊಟ್ಟರು. ಅದನ್ನು ಬಿಚ್ಚಿ ಲಾರಿಯಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಒಯ್ದ. ಅಂದು ನನಗೆ ಫೋನ್ ಮಾಡಿ, "ಸಾಹೇಬ್ರ, ಟೇಬಲ್ ಮನಿಗಿ ತಂದೀನಿ. ಒಮ್ಮಿ ಬರ್ರಿ, ಆಡೋಣು" ಎಂದ. ಬರ್ತೀನಿ ಎಂದೆ.

ಆಮೇಲೆ ಪ್ರತಿ ವರ್ಷ ಕಮಲಾಪುರದ ಕೆಂಪು ಬಾಳೆಹಣ್ಣು ಬರುತ್ತಿತ್ತು. ಬಸ್ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿ ಫೋನ್ ಮಾಡುತ್ತಿದ್ದ, ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುತ್ತಿದ್ದೆ. ಪ್ರತಿ ಸಲ ಅದೇ ಮಾತು: "ಯಾವಾಗ ಬರ್ತೀರಿ?" ಪ್ರತಿ ಸಲ ಅದೇ ಉತ್ತರ. ಅವನು ಕರೆದು ಕೂರಿಸಿ ಹಳೆಯ ಲೆಕ್ಕ ಕೇಳುತ್ತಾನೆ ಎಂದು ನನಗೆ ಅಂಜಿಕೆ. ಮುಖ ನೋಡಲಾರದವನು ಹಣ್ಣು ಮಾತ್ರ ತಿಂದೆ.

ಫೋನ್ ಬಂದ ಮರುದಿನ ಐತವಾರ. ಹುಮನಾಬಾದ ಕಡೆ ಹೋಗುವ ಬಸ್ ಹತ್ತಿ ಕಮಲಾಪುರದಲ್ಲಿ ಇಳಿದೆ. ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣಿನ ಸಾಲು. ಅಲ್ಲೇ ಬುಟ್ಟಿ ಇಟ್ಟುಕೊಂಡು ಕುಳಿತವರಲ್ಲಿ ಅವನ ಅಕ್ಕ ಒಬ್ಬಳು. ನಾನು ಯಾರೆಂದು ಹೇಳುವ ಮೊದಲೇ, "ಇಂಜಿನಿಯರ್ ಸಾಹೇಬ್ರೇನು?" ಎಂದಳು. ಪಕ್ಕದವಳಿಗೆ ಬುಟ್ಟಿ ನೋಡಿಕೊಳ್ಳಲು ಹೇಳಿ ಮನೆಗೆ ಕರೆದೊಯ್ದಳು. ತಮ್ಮ ಬಾಳೆಯ ಹೊಲದಿಂದ ಬಂದವನು ಎದೆ ಹಿಡಿದುಕೊಂಡು ಕುಳಿತನಂತೆ, ಗಾಡಿ ತರುವುದರೊಳಗೆ ಆಗಿಹೋಯಿತಂತೆ. ಅಷ್ಟನ್ನು ಹೇಳಿ ನೀರು ಕೊಟ್ಟಳು.

ಮನೆಯ ಹಿಂದೆ ಹಣ್ಣು ಮಾಗಿಸಲು ಇಡುತ್ತಿದ್ದ ಕೋಣೆ. ಅದರ ತುಂಬ ಆ ಟೇಬಲ್. ಮೇಲೆ ಸೊಲ್ಲಾಪುರದ ಚಾದರ ಹೊದಿಸಿತ್ತು. ಗೋಡೆಗೆ ಎರಡು ಕೋಲು, ಒಂದರ ಹಿಡಿಕೆಗೆ ಸೈಕಲ್ ಟ್ಯೂಬ್. ಅಕ್ಕ ಗೂಡಿನಿಂದ ಒಂದು ಬಟ್ಟೆಯ ಗಂಟು ತೆಗೆದು, "ಇದು ನಿಮ್ದಂತ. ಹೇಳಿದ್ದ" ಎಂದು ಕೈಗಿತ್ತಳು. ನನ್ನ ರಸಮಟ್ಟ. ಅಂಚುಗಳು ಸವೆದಿದ್ದವು.

ಚಟ ಎಲ್ಲಿ ಬಿಡುತ್ತದೆ. ಚಾದರ ಸರಿಸಿ ಅದನ್ನು ಟೇಬಲ್ಲಿನ ಮೇಲೆ ಇಟ್ಟೆ. ಗುಳ್ಳೆ ಸರಿದು ಒಂದು ತುದಿಗೆ ನಿಂತಿತು. ಮೂರು ಜಿಲ್ಲೆಯ ಟೇಬಲ್ ಮಟ್ಟ ಮಾಡಿದವನ ಮನೆಯ ಟೇಬಲ್ ಮಟ್ಟದಲ್ಲಿಲ್ಲ! ಮೊಣಕಾಲೂರಿ ಕೆಳಗೆ ನೋಡಿದೆ. ಒಂದು ಬದಿಯ ಕಾಲುಗಳ ಕೆಳಗೆ ಫರಸಿಯ ತೆಳು ಚೂರುಗಳು. ಕೈಯಿಂದ ಉಜ್ಜಿ ಉಜ್ಜಿ ನುಣುಪು ಮಾಡಿ, ಒಂದರ ಮೇಲೊಂದು ಜೋಡಿಸಿದ್ದವು. ನೆಲ ಕುಸಿದದ್ದಲ್ಲ. ಬೇಕೆಂದೇ ಎತ್ತರಿಸಿದ್ದು. ಆಗ ಸೇಡಂ ರಸ್ತೆಯ ಕಡೆಗೆ ವಾಲಿದ್ದ ಟೇಬಲ್ ಈಗ ಅಷ್ಟೇ ಹುಮನಾಬಾದ ರಸ್ತೆಯ ಕಡೆಗೆ ವಾಲಿತ್ತು.

"ನಾನೂ ಕೇಳಿದ್ದೆರಿ" ಎಂದಳು ಅಕ್ಕ, ಬಾಗಿಲಲ್ಲಿ ನಿಂತು. "ಊರ ಮಂದೀದೆಲ್ಲ ಮಟ್ಟ ಮಾಡ್ತಿ, ನಮ್ಮ ಮನೀದು ಯಾಕ ಹಿಂಗಿಟ್ಟೀದಿ ಅಂತ. 'ಇಂಜಿನಿಯರ್ ಸಾಹೇಬ್ರು ಬರೋರು ಅದಾರ ಅಕ್ಕಾ. ಅವರಿಗಿ ಈ ವಾಟಾನೇ ರೂಢಿ. ಮಟ್ಟ ಮಾಡಿಟ್ರ ಅವರ ಕೈ ತಪ್ತದ' ಅಂದ."

ನಾನು ಆ ಟೇಬಲ್ಲಿನ ಅಂಚು ಹಿಡಿದುಕೊಂಡು ನಿಂತೆ. ಕಣ್ಣಲ್ಲಿ ನೀರು ಬಂದದ್ದನ್ನು ಮುಚ್ಚಿಡಲು ಹೋಗಲಿಲ್ಲ. ಟೇಬಲ್ ಮಟ್ಟವಿಲ್ಲ ಎಂದು ಗೊತ್ತಿದ್ದೂ ನಾನು ಅವನನ್ನು ಕೈ ತಪ್ಪಲು ಕಳಿಸಿದ್ದೆ. ಅವನು ನನ್ನ ಕೈ ತಪ್ಪಬಾರದೆಂದು ಕಲ್ಲು ಉಜ್ಜಿ ಇಟ್ಟು ಹತ್ತು ವರ್ಷ ದಾರಿ ಕಾದಿದ್ದ.

"ಇಲ್ಲಿ ಯಾರ ಜೋಡಿ ಆಡ್ತಿದ್ದ?" ಎಂದು ಕೇಳಿದೆ.

"ಯಾರದಾರ್ರಿ ಇಲ್ಲಿ? ಒಬ್ನಾ. ಆ ಕಡಿ ನಿಂತು ಒಮ್ಮಿ, ಈ ಕಡಿ ನಿಂತು ಒಮ್ಮಿ."

ಸೈಕಲ್ ಟ್ಯೂಬಿನ ಕೋಲನ್ನು ಗೋಡೆಯಿಂದ ತೆಗೆದೆ. ಒಂದು ಚೆಂಡನ್ನು ಇಟ್ಟು, ಪಾಕೆಟ್ಟಿನ ಆಚೆಗೆ ಗುರಿ ಹಿಡಿದು, ಅವನು ಹೇಳುತ್ತಿದ್ದಂತೆ ಬೈಯದೆ, ಮೆಲ್ಲಗೆ ದಬ್ಬಿದೆ. ಅದು ಉದ್ದಕ್ಕೂ ಹೋಗಿ, ಕೊನೆಯಲ್ಲಿ ರಸ್ತೆಯ ಕಡೆಗೆ ತಿರುಗಿ ಒಳಗೆ ಬಿತ್ತು.

"ಬಿತ್ತೇನ್ರಿ?" ಎಂದಳು ಅಕ್ಕ.

"ಬಿತ್ತು. ಇದನ್ನ ಹಿಂಗಾ ಇರಗೊಡ್ರಿ ಅಕ್ಕಾ, ಮಾರಬ್ಯಾಡ್ರಿ. ಇನ್ನ ಐತವಾರಕ್ಕೊಮ್ಮಿ ನಾ ಬರ್ತೀನಿ."

ಅವಳು ಚಾದರದ ಒಂದು ತುದಿ ಹಿಡಿದಳು, ಇನ್ನೊಂದು ತುದಿ ನಾನು ಹಿಡಿದೆ. ಇಬ್ಬರೂ ಸೇರಿ ಟೇಬಲ್ಲಿಗೆ ಹೊದಿಸಿದೆವು.

"ಬರ್ರಿ" ಎಂದಳು. "ಅಂವ ಇದ್ದಾಗ ಬರಬೇಕಾಗಿತ್ತು."